ಮೂರು ಕಡ್ಡಿಪೆಟ್ಟಿಗೆ ಮಣ್ಣು

ಮೊನ್ನೆ ನನ್ನ ಸೊಸೆ ನನ್ನ ಬೀರು ತೆಗೆದವಳೇ ಎರಡು ಹೆಜ್ಜೆ ಹಿಂದೆ ಸರಿದು ನಿಂತು, "ಅತ್ತಿ, ನಿಮ್ಮ ಬೀರು ತೆಗದ್ರ ಮೋಡ ಮುಸುಕಿದಂಗ ಆಗತೈತಿ ನೋಡ್ರಿ" ಎಂದಳು. ನಾನು ಉತ್ತರ ಕೊಡುವ ಮೊದಲೇ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಪಾಠ ಶುರುಮಾಡಿಬಿಟ್ಟಳು. ಈಗ ಬಟ್ಟೆ ಕೊಳ್ಳುವುದಕ್ಕೂ ಒಂದು ಪದ್ಧತಿ ಬಂದಿದೆಯಂತೆ. ಮೊದಲು ನಮಗೆ ಒಪ್ಪುವ ನಾಲ್ಕೈದು ಬಣ್ಣ ಗೊತ್ತುಮಾಡಿಕೊಳ್ಳಬೇಕಂತೆ. ಅಂಗಡಿಗೆ ಹೋದಾಗ ಅವುಗಳನ್ನು ಬಿಟ್ಟು ಬೇರೆ ಬಣ್ಣವನ್ನು ಕಣ್ಣೆತ್ತಿಯೂ ನೋಡಬಾರದಂತೆ. ಹಾಗೆ ಮಾಡಿದರೆ ದುಂದೂ ಇಲ್ಲ, ಪೇಚಾಟವೂ ಇಲ್ಲ, ಯಾವುದರ ಮೇಲೆ ಯಾವುದನ್ನು ಹಾಕಿದರೂ ಹೊಂದುತ್ತದಂತೆ. ಇಷ್ಟೆಲ್ಲ ಹೇಳಿದ ಮೇಲೆ, "ನೀವು ಇಂಥಾದ್ದು ಕೇಳೇ ಇರಂಗಿಲ್ಲ ಬಿಡ್ರಿ" ಎಂದು ಒಗ್ಗರಣೆ ಬೇರೆ ಹಾಕಿದಳು.

ಕೇಳಿಲ್ಲವಂತೆ! ನನಗೆ ಬಂದ ಸಿಟ್ಟಿಗೆ ಆಕೆ ಸೊಸೆಯಾಗಿದ್ದಕ್ಕೆ ಉಳಿದಳು, ಹೊಟ್ಟೆಯ ಮಗಳಾಗಿದ್ದರೆ ಎದ್ದು ಒಂದು ಕೊಡುತ್ತಿದ್ದೆ. ಬಣ್ಣ ಗೊತ್ತುಮಾಡಿಕೊಂಡು ಬಟ್ಟೆ ಕೊಳ್ಳುವ ಶಾಸ್ತ್ರದ ಕೆಳಗೆ ಚಿಕ್ಕಂದಿನಿಂದ ಇಪ್ಪತ್ತೆರಡನೆಯ ವರ್ಷದತನಕ ನಲುಗಿ ನುಗ್ಗಾದವಳು ನಾನು. ಆ ಶಾಸ್ತ್ರವನ್ನು ಯಾವ ದೇಶದವರೂ ಹುಟ್ಟುಹಾಕಿದ್ದಲ್ಲ. ಸಿರುಗುಪ್ಪದ ನಮ್ಮ ಮನೆಯ ಅಡುಗೆ ಕೋಣೆಯಲ್ಲಿ, ಸಾಸಿವೆ ಡಬ್ಬಿಯ ಹಿಂದೆ ಇಟ್ಟಿದ್ದ ಮೂರು ಬೆಂಕಿಕಡ್ಡಿಪೆಟ್ಟಿಗೆಗಳಲ್ಲಿ ಅದು ಹುಟ್ಟಿದ್ದು. ಹುಟ್ಟಿಸಿದವಳು ನಮ್ಮವ್ವ.

ನಮ್ಮವ್ವ ಕುರುಗೋಡಿನ ಮಗಳು, ಸಿರುಗುಪ್ಪದ ಸೊಸೆ. ಅಪ್ಪ ಸಿರುಗುಪ್ಪದಲ್ಲಿ ಕಾಲುವೆ ಕಚೇರಿಯ ಗುಮಾಸ್ತ. ಮಕ್ಕಳು ನಾವಿಬ್ಬರೇ, ನಾನು ಮತ್ತು ತಮ್ಮ ಬಸವರಾಜ. ವರ್ಷವೆಲ್ಲ ಸಿರುಗುಪ್ಪದಲ್ಲಿ ಇರುತ್ತಿದ್ದೆವು, ಸಾಲೆಗೆ ರಜೆ ಬಿಟ್ಟರೆ ಕುರುಗೋಡಿನ ಅಜ್ಜಿಯ ಮನೆಗೆ ಹೋಗುತ್ತಿದ್ದೆವು, ಬಟ್ಟೆ ಬರೆ ಬೇಕಾದರೆ, ಹಲ್ಲು ನೋವು ಬಂದರೆ ಬಳ್ಳಾರಿಗೆ ಓಡುತ್ತಿದ್ದೆವು. ನಮ್ಮ ಭೂಗೋಳ ಅಷ್ಟೇ. ಆದರೆ ಆ ಮೂರು ಊರಿಗೂ ಮೂರು ಥರದ ಮಣ್ಣು. ಸಿರುಗುಪ್ಪದ್ದು ಎರೆಮಣ್ಣು, ಕರ್ರಗೆ. ಮಳೆ ಬಿದ್ದರೆ ಚಪ್ಪಲಿಯನ್ನು ಹಿಡಿದುಕೊಂಡು ಬರಿಗಾಲನ್ನು ಮಾತ್ರ ವಾಪಸು ಕೊಡುತ್ತದೆ. ಕುರುಗೋಡಿನ ಗುಡ್ಡದ ಬುಡದ್ದು ಮಸಾರಿ, ಇಟ್ಟಂಗಿಯ ಬಣ್ಣ. ಇನ್ನು ಬಳ್ಳಾರಿಯದನ್ನು ಮಣ್ಣು ಎನ್ನುವುದೇ ಕಷ್ಟ, ಅದು ಬರೀ ಧೂಳು. ಬಸ್ಸು ಇಳಿದು ಬಜಾರು ಮುಟ್ಟುವಷ್ಟರಲ್ಲಿ ತಲೆ, ರೆಪ್ಪೆ, ಹೆಗಲು ಎಲ್ಲ ಬೂದಿ ಬಣ್ಣ.

ಇದನ್ನೆಲ್ಲ ನಾವೂ ನೋಡಿದ್ದೆವು, ಊರವರೂ ನೋಡಿದ್ದರು. ಬೇರೆಯವರು ನೋಡಿ, ಬೈದು, ಒಗೆದು ಸುಮ್ಮನಾದರು. ನಮ್ಮವ್ವ ಸುಮ್ಮನಾಗುವ ಪೈಕಿಯವಳಲ್ಲ. ಆಕೆ ಕೂತು ವಿಚಾರ ಮಾಡಿ ಒಂದು ತೀರ್ಮಾನಕ್ಕೆ ಬಂದಳು.

"ಬಟ್ಟಿ ತನ್ನ ಬಣ್ಣದಾಗ ಇರೋದು ಅಂಗಡ್ಯಾಗ ಇರೋತನಕ ಅಷ್ಟ. ಮನಿಗೆ ಬಂದಮ್ಯಾಲೆ ಅದು ಮಣ್ಣಿನ ಬಣ್ಣನ ಆಗೋದು. ಮೊದ್ಲ ಮಣ್ಣಿನ ಬಣ್ಣದ್ದು ತಂದುಬಿಟ್ರ ಬಟ್ಟಿಗೂ ಸಂಕಟಿಲ್ಲ, ಒಗಿಯಾಕಿಗೂ ಸಂಕಟಿಲ್ಲ."

ಹೀಗೆ ನಮ್ಮ ಮನೆಗೆ ಮೂರೇ ಬಣ್ಣ ನಿಗದಿಯಾದವು. ಸಾಲೆಗೆ, ಮನೆಗೆ ಸಿರುಗುಪ್ಪ ಬಣ್ಣ, ಅಂದರೆ ಬರೆಯುವ ಪಾಟಿ ಒದ್ದೆಯಾದ ಹಾಗೆ ಕಪ್ಪು. ಅಜ್ಜಿಯ ಊರಿಗೆ ಕುರುಗೋಡು ಬಣ್ಣ. ಪೇಟೆಗೆ ಬಳ್ಳಾರಿ ಬಣ್ಣ. ಕೆಂಪು, ಹಸಿರು, ಹಳದಿ ಎಂಬ ಹೆಸರುಗಳನ್ನು ನಾನು ಕಲಿತದ್ದು ಸಾಲೆಯ ಪುಸ್ತಕದಲ್ಲಿ. ಮನೆಯಲ್ಲಿ ಬಣ್ಣಗಳಿಗೆ ಊರಿನ ಹೆಸರೇ. "ಗಿರಿಜಿ, ನಿನ್ನ ಕುರುಗೋಡು ಲಂಗ ಎಲ್ಲೈತಿ? ನಾಡಿದ್ದು ಹೋಗೋದೈತಿ, ತಗದಿಡು" ಎಂದು ಅವ್ವ ಕೂಗಿದರೆ ಪಕ್ಕದ ಮನೆಯವರಿಗೆ ಏನೂ ತಿಳಿಯುತ್ತಿರಲಿಲ್ಲ, ನಮಗೆ ಎಲ್ಲ ತಿಳಿಯುತ್ತಿತ್ತು.

ಅಪ್ಪ ಮೊದಮೊದಲು ದಂಗೆ ಎದ್ದರು. ಕಚೇರಿಗೆ ಬಿಳಿ ಅಂಗಿಯೇ ಬೇಕು ಎಂದು ಹಟ ಹಿಡಿದರು. ಅವ್ವ ಬೇಡ ಅನ್ನಲಿಲ್ಲ. ಕಾಲುವೆ ನೀರಿನಲ್ಲಿ ಎರಡು ಸಲ ಒಗೆದು ಕೊಟ್ಟಳು, ಅಂಗಿ ಚಹಾದ ಬಣ್ಣಕ್ಕೆ ಬಂತು. ಆಮೇಲಿನ ವರ್ಷದಿಂದ ಆಕೆ ಅಪ್ಪನಿಗೆ ನೇರವಾಗಿ ಚಹಾದ ಬಣ್ಣದ ಬಟ್ಟೆಯನ್ನೇ ತರತೊಡಗಿದಳು. ಹೊಸದಿದ್ದಾಗಲೇ ಹಳತಿನ ಹಾಗಿದ್ದರೆ ಹಳತಾಗುವ ಚಿಂತೆ ಇಲ್ಲ ಎಂಬುದು ಆಕೆಯ ವಾದ. ಅಪ್ಪ ಕನ್ನಡಿಯ ಮುಂದೆ ನಿಂತು ಒಂದು ನಿಟ್ಟುಸಿರು ಬಿಟ್ಟು ಕಚೇರಿಗೆ ಹೋದರು.

ಇನ್ನು ಆ ಕಡ್ಡಿಪೆಟ್ಟಿಗೆಗಳ ಕಥೆ. ಅಂಗಡಿಯಲ್ಲಿ ಕಣ್ಣಳತೆಯಿಂದ ಬಣ್ಣ ಹೊಂದಿಸುವುದು ಅವ್ವನಿಗೆ ಸಮಾಧಾನವಾಗಲಿಲ್ಲ. ಅದಕ್ಕಾಗಿ ಮೂರೂ ಊರಿನ ಮಣ್ಣನ್ನು ಜರಡಿ ಹಿಡಿದು ಮೂರು ಖಾಲಿ ಕಡ್ಡಿಪೆಟ್ಟಿಗೆಗೆ ತುಂಬಿದಳು. ಗುರುತಿಗೆಂದು ಸಿರುಗುಪ್ಪದ ಪೆಟ್ಟಿಗೆಗೆ ದಾರ ಇಲ್ಲ, ಕುರುಗೋಡಿನದಕ್ಕೆ ದಾರದ ಒಂದು ಗಂಟು, ಬಳ್ಳಾರಿಯದಕ್ಕೆ ಎರಡು ಗಂಟು. ದಸರೆಗೆ ಮೊದಲು ಬಟ್ಟೆ ತರಲು ಬಳ್ಳಾರಿಗೆ ಹೊರಟರೆ ಅವು ಮೂರೂ ಆಕೆಯ ಚೀಲದಲ್ಲಿ ಹೊರಡುತ್ತಿದ್ದವು. ಅಂಗಡಿಯಲ್ಲಿ ಬಟ್ಟೆಯ ಥಾನಿನ ಮೂಲೆ ಹಿಡಿದು, ಹೆಬ್ಬೆರಳು ಒದ್ದೆ ಮಾಡಿ, ಚಿಟಿಕೆ ಮಣ್ಣು ಹಚ್ಚಿ ತಿಕ್ಕುವುದು. ಹಚ್ಚಿದ್ದು ಎಲ್ಲಿ ಎಂದು ಕಣ್ಣಿಗೆ ಕಾಣದಿದ್ದರೆ ಬಟ್ಟೆ ಪಾಸು, ಕಂಡರೆ ನಪಾಸು. ಜಗತ್ತಿನಲ್ಲಿ ಹೆಣ್ಣುಮಕ್ಕಳು ಬಟ್ಟೆ ಎದ್ದು ಕಾಣಲಿ ಎಂದು ಹುಡುಕುತ್ತಾರೆ. ನಮ್ಮವ್ವ ಕೊಳೆ ಕಾಣದಿರಲಿ ಎಂದು ಹುಡುಕುತ್ತಿದ್ದಳು.

ಮೊದಲ ಸಲ ಈ ಪರೀಕ್ಷೆ ನಡೆದಾಗ ನನಗೆ ಎಂಟೋ ಒಂಬತ್ತೋ ವರ್ಷ. ಬಳ್ಳಾರಿ ಬಜಾರಿನ ಶೆಟ್ಟರ ಅಂಗಡಿ, ಬಿಳಿ ಗಾದಿಯ ಮೇಲೆ ಅವ್ವ, ನಾನು, ತಮ್ಮ ಮೂವರೂ ಕುಳಿತಿದ್ದೇವೆ. ಶೆಟ್ಟರು ದಪ್ಪಗೆ, ಹಣೆಯ ತುಂಬ ನಾಮ. ಮನೆಮಾತು ತೆಲುಗು, ಅಂಗಡಿಯ ಮಾತು ಕನ್ನಡ, ಸಿಟ್ಟು ಬಂದರೆ ಎರಡೂ. ಅವ್ವ ಒಂದು ಗಂಟಿನ ಕಡ್ಡಿಪೆಟ್ಟಿಗೆ ತೆಗೆದು, ಮಣ್ಣು ಚೆಲ್ಲೀತೆಂದು ಎರಡೂ ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು ನಿಧಾನಕ್ಕೆ ತೆರೆದಳು. ಶೆಟ್ಟರು ಬಗ್ಗಿ ನೋಡಿದರು. ಒಳಗೆ ನುಣ್ಣನೆಯ ಕೆಂಪು ಮಣ್ಣು.

"ಏನಮ್ಮಾ ಅದು?"

"ಕುರುಗೋಡಿಂದ ತಂದಿದ್ದುರಿ."

ಶೆಟ್ಟರು ತಟ್ಟನೆ ಎದ್ದು ನಿಂತರು. "ಅಯ್ಯೋ ತಾಯಿ, ಹುತ್ತದ ಮಣ್ಣಾ? ಮೊದ್ಲೇ ಹೇಳಬಾರದೇನಮ್ಮಾ!" ಎಂದು ಬಲಗೈಯ ಕೆಳಗೆ ಎಡಗೈ ಇಟ್ಟು ಚಾಚಿದರು. ದೇವರ ಹುತ್ತದ ಮಣ್ಣನ್ನು ಪ್ರಸಾದವೆಂದು ಹಣೆಗೆ ಹಚ್ಚುವುದು ನಮ್ಮ ಕಡೆ ಉಂಟಲ್ಲ, ಅವರು ಅದೇ ಎಂದುಕೊಂಡರು. ಅವ್ವ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಒಂದು ಚಿಟಿಕೆ ಅವರ ಅಂಗೈಗೆ ಹಾಕಿ ಸುಮ್ಮನಾದಳು. ಶೆಟ್ಟರು ನಾಮದ ಕೆಳಗೆ ಒಂದು ಬೊಟ್ಟು ಇಟ್ಟುಕೊಂಡರು, ಬಟ್ಟೆ ಅಳೆಯುವ ತಮ್ಮ ಗಜದ ಕೋಲಿಗೆ ಒಂದು ಬೊಟ್ಟು ಹಚ್ಚಿದರು. ಆಮೇಲೆ ಅವ್ವ ಥಾನಿನ ಮೂಲೆಗೆ ಮಣ್ಣು ತಿಕ್ಕಿದರೆ ಅವರಿಗೆ ಅದು ಹಾಳು ಮಾಡಿದಂತೆ ಕಾಣಲೇ ಇಲ್ಲ. "ಈ ಥಾನಿಗೂ ಸ್ವಲ್ಪ ಹಚ್ಚಿರಿ ತಾಯಿ, ಮೂರು ತಿಂಗಳಾತು, ಹೋಗವಲ್ದು" ಎಂದು ತಾವೇ ಮುಂದಕ್ಕೆ ತಳ್ಳಿದರು.

ಬೀದಿಗೆ ಬಂದ ಮೇಲೆ ನಾನು ಸೆರಗು ಜಗ್ಗಿ, "ಅವ್ವ, ಅದು ಅಜ್ಜಿ ಮನಿ ಹಿತ್ತಲದಾಗ ಎಮ್ಮಿ ಕಟ್ಟೋ ಜಾಗದ್ದಲ್ಲೇನು?" ಎಂದು ಕೇಳಿದೆ.

"ಬಾಯಿ ಮುಚ್ಚಿಕ್ಯಂಡು ನಡಿ. ಎಮ್ಮಿ ಏನು ದೇವರಲ್ಲೇನು? ದಿನಾ ಹಾಲು ಕುಡಿಯಾಕಿ ನೀನ."

ಆ ದಿನ ಶೆಟ್ಟರ ವ್ಯಾಪಾರ ಭರ್ಜರಿಯಾಯಿತೋ ಏನೋ, ಮುಂದಿನ ವರ್ಷದಿಂದ ನಾವು ಮೆಟ್ಟಿಲು ಹತ್ತುತ್ತಿದ್ದಂತೆ "ಮಣ್ಣು ತಂದೀರೇನಮ್ಮಾ?" ಎಂದೇ ಕೇಳುತ್ತಿದ್ದರು. ಅವ್ವನ ಶಾಸ್ತ್ರಕ್ಕೆ ದೇವರ ಬಲವೂ ಸಿಕ್ಕಿಬಿಟ್ಟಿತು. ಇನ್ನು ನನ್ನಂಥವಳ ಮಾತು ಯಾರು ಕೇಳಬೇಕು?

ತಮ್ಮನ ಪಾಡು ನನಗಿಂತ ಕಡೆ. ಒಂದು ವರ್ಷ ಸಿರುಗುಪ್ಪ ಬಣ್ಣದ ಬಟ್ಟೆ ಸಿಗದೆ ಅವ್ವ ಅವನನ್ನು ಕುರುಗೋಡು ಅಂಗಿಯಲ್ಲೇ ಸಾಲೆಗೆ ಕಳಿಸಿದಳು. ಅವನ ಹೆಸರು ಅವತ್ತಿನಿಂದ ಇಟ್ಟಂಗಿ ಬಸ್ಯಾ ಆಯಿತು, ಮದುವೆಯ ಕರೆಯೋಲೆ ಹಂಚುವಾಗಲೂ ಗೆಳೆಯರು ಅದೇ ಹೆಸರು ಕೂಗಿದರು. ಇನ್ನೊಂದು ಸಲ ಕುರುಗೋಡಿನಿಂದ ಸಿರುಗುಪ್ಪಕ್ಕೆ ಹೊರಟವರು, ಅಪ್ಪನಿಗೆ ಹಲ್ಲು ನೋವು ಕಾಣಿಸಿಕೊಂಡು, ಬಳ್ಳಾರಿಯ ಬಸ್ಸು ಹತ್ತಬೇಕಾಯಿತು. ನಮ್ಮ ಮೈಮೇಲೆ ಕುರುಗೋಡು ಬಟ್ಟೆ! ದಾರಿಯಲ್ಲಿ ಯಾವುದೋ ಕ್ರಾಸಿನಲ್ಲಿ ಬಸ್ಸು ಚಹಾಕ್ಕೆ ನಿಂತಾಗ ಅವ್ವ ನಮ್ಮಿಬ್ಬರನ್ನೂ ಬೇವಿನ ಮರದ ಹಿಂದೆ ಎಳೆದುಕೊಂಡು ಹೋಗಿ, ಸೆರಗು ಅಡ್ಡ ಹಿಡಿದು, ಯಾವಾಗಲೂ ಚೀಲದಲ್ಲಿ ಇರುತ್ತಿದ್ದ ಬಳ್ಳಾರಿ ಬಟ್ಟೆ ತೊಡಿಸಿದಳು. ಕಂಡಕ್ಟರು ಸೀಟಿ ಊದುತ್ತಿದ್ದಾನೆ, ಅಪ್ಪ ಕೆನ್ನೆ ಹಿಡಿದುಕೊಂಡು "ಲಗೂನ ಬಾರೇ" ಎಂದು ನರಳುತ್ತಿದ್ದಾರೆ, ಅವ್ವ ನನ್ನ ಬೆನ್ನಿನ ಗುಂಡಿ ಹಾಕುತ್ತ, "ತಡೀರಿ, ಇಲ್ಲಿಂದ ಮಣ್ಣು ಬದಲಾಗತೈತಿ" ಎನ್ನುತ್ತಿದ್ದಾಳೆ. ಇಡೀ ಬಸ್ಸು ಕಿಟಕಿಯಲ್ಲಿ ತಲೆ ಹಾಕಿ ನಮ್ಮನ್ನು ನೋಡಿತು. ಇವತ್ತಿಗೂ ಬಸ್ಸು ಕ್ರಾಸಿನಲ್ಲಿ ನಿಂತರೆ ನಾನು ಇಳಿಯುವುದಿಲ್ಲ.

ಇಷ್ಟಾದರೂ ನಾನು ಸಹಿಸುತ್ತಿದ್ದೆನೇನೋ. ಆದರೆ ನಾನು ಆರನೆಯ ಇಯತ್ತೆಯಲ್ಲಿದ್ದಾಗ ನಮ್ಮ ಸಾಲೆಗೆ ಹೊಸ ಟೀಚರು ಬಂದರು. ಹುಬ್ಬಳ್ಳಿ ಕಡೆಯವರು. ಬಂದ ಮೊದಲ ದಿನ ಆಕಾಶ ಬಣ್ಣದ ಸೀರೆ ಉಟ್ಟಿದ್ದರು. ಬರೀ ಆಕಾಶ ಬಣ್ಣ. ಹೂವಿಲ್ಲ, ಚುಕ್ಕಿಯಿಲ್ಲ, ಬೆಳ್ಳನೆಯ ಸಣ್ಣ ಅಂಚು ಒಂದೇ. ಅವರು ಬೋರ್ಡಿನ ಮೇಲೆ ಏನು ಬರೆದರೋ ನನಗೆ ತಿಳಿಯದು. ಆ ಸೀರೆಯನ್ನೇ ನೋಡುತ್ತ ಕುಳಿತಿದ್ದೆ. ನನಗೆ ಅಂಥದ್ದೊಂದು ಬೇಕು ಎಂದು ಆ ಹೊತ್ತಿಗೇ ಅನ್ನಿಸಿತು, ಆ ಅನ್ನಿಸಿಕೆ ಮುಂದೆ ಹತ್ತು ವರ್ಷ ನನ್ನನ್ನು ಬಿಡಲಿಲ್ಲ.

ಸಂಜೆ ಮನೆಗೆ ಓಡಿ ಬಂದು ಕೇಳಿದೆ. "ಅವ್ವ, ನನಗೊಂದು ಆಕಾಶ ಬಣ್ಣದ ಲಂಗ."

ಅವ್ವ ರೊಟ್ಟಿ ಬಡಿಯುತ್ತಿದ್ದವಳು ನಿಲ್ಲಿಸಲೇ ಇಲ್ಲ. "ಆಕಾಶ ಮ್ಯಾಲೆ ಐತಿ, ಅದಕ್ಕ ಮಣ್ಣು ಹತ್ತಂಗಿಲ್ಲ. ನಾವು ಕೆಳಗ ಅದೀವಿ" ಎಂದಳು.

ಆ ಟೀಚರು ವರ್ಷ ತುಂಬುವ ಮೊದಲೇ ವರ್ಗ ಮಾಡಿಸಿಕೊಂಡು ಹೋದರು. ಅವ್ವನಿಗೆ ಅಷ್ಟೇ ಸಾಕಾಯಿತು. "ನೋಡಿದೇನು, ಆಕಾಶ ಬಣ್ಣ ಉಟ್ಟಾಕಿ ಒಂದು ವರ್ಷ ಸೈತ ಈ ಊರಾಗ ನಿಲ್ಲಲಿಲ್ಲ" ಎಂದು ಯಾರು ಬಂದರೂ ಹೇಳತೊಡಗಿದಳು. ಆಕೆ ಹಿಡಿದ ಮೊಲಕ್ಕೆ ಮೂರೇ ಕಾಲು. ದೊಡ್ಡವಳಾದಾಗ ಲಂಗ ದಾವಣಿ ತರುವ ಮಾತು ಬಂತು, ಕೇಳಿದೆ. "ಸಾಲಿ ಮುಗೀಲಿ" ಎಂದಳು. ಸಾಲೆ ಮುಗಿಯಿತು, ಕೇಳಿದೆ. "ಪಾಸಾಗು ಮೊದ್ಲ" ಎಂದಳು. ಪಾಸಾದೆ. ಟೀಚರ್ ಟ್ರೈನಿಂಗಿಗೆಂದು ಬಳ್ಳಾರಿಗೆ ಹೊರಟೆ, ಕೈ ಮುಗಿದು ಕೇಳಿದೆ. "ಬಳ್ಳಾರಿಗೆ ಹೊಂಟೀದಿ, ಅಲ್ಲೀ ಬಣ್ಣನ ಉಡಬೇಕವ್ವ" ಎಂದು ಎರಡು ಗಂಟಿನ ಕಡ್ಡಿಪೆಟ್ಟಿಗೆ ಹಿಡಿದು ನಾಲ್ಕು ಬೂದಿ ಬಣ್ಣದ ಸೀರೆ ತಂದಳು. ಹಾಸ್ಟೆಲಿನ ಹುಡುಗಿಯರು ಎರಡು ವರ್ಷ ನನ್ನನ್ನು ಸನ್ಯಾಸಿ ಎಂದು ಕರೆದರು. ಹಾಳಾಗಿ ಹೋಗಲಿ ಈ ಮಣ್ಣು ಎಂದು ನಾನು ಹಾಸಿಗೆಯ ಮೇಲೆ ಬೋರಲಾಗಿ ಬಿದ್ದು ಎಷ್ಟೋ ಸಲ ಅತ್ತಿದ್ದೇನೆ. ಈಗ ಹೇಳಿದರೆ ನಗುತ್ತೀರಿ, ಆಗ ಅದು ನಗುವ ವಿಷಯವಾಗಿರಲಿಲ್ಲ.

ದೇಶನೂರಿನ ಸಾಲೆಯಲ್ಲಿ ನನಗೆ ನೌಕರಿ ಸಿಕ್ಕಿತು. ಸಿರುಗುಪ್ಪದಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುವುದು. ಮೊದಲ ಪಗಾರ ಕೈಗೆ ಬಂದ ವಾರವೇ, ಟ್ರೈನಿಂಗಿನ ಸರ್ಟಿಫಿಕೇಟು ತರಬೇಕು ಎಂದು ಸುಳ್ಳು ಹೇಳಿ ಒಬ್ಬಳೇ ಬಳ್ಳಾರಿಗೆ ಹೋದೆ. ಸೀದಾ ಶೆಟ್ಟರ ಅಂಗಡಿ. ಬೇರೆ ಅಂಗಡಿಗೆ ಹೋಗಬಹುದಿತ್ತಲ್ಲ ಎಂದು ಕೇಳಬೇಡಿ. ಬೇರೆ ಅಂಗಡಿಯೂ ಇರುತ್ತದೆ ಎಂಬುದು ನನಗೆ ಹೊಳೆದದ್ದು ವಾಪಸು ಬರುವಾಗ, ಬಸ್ಸಿನಲ್ಲಿ.

"ಆಕಾಶ ಬಣ್ಣದ ಸೀರಿ ತೋರಸ್ರಿ" ಎಂದೆ.

ಶೆಟ್ಟರು ಕಪಾಟಿನ ಕಡೆ ಕೈ ಚಾಚಿದವರು ಅರ್ಧಕ್ಕೇ ನಿಂತರು. "ಅದು ನಿಮ್ಮ ಮನೀ ಬಣ್ಣ ಅಲ್ಲಲ್ಲಮ್ಮಾ."

"ಇನ್ನ ಮ್ಯಾಲೆ ಹೌದ್ರಿ."

"ತಾಯಿಗೆ ಗೊತ್ತೈತಾ?"

ಸರಕಾರದ ನೌಕರಿ, ಸ್ವಂತ ಪಗಾರ, ಇಪ್ಪತ್ತೆರಡು ವರ್ಷ. ಆದರೂ ಬಟ್ಟೆ ಅಂಗಡಿಯವರು ನನ್ನ ತಾಯಿಯ ಅಪ್ಪಣೆ ಕೇಳುತ್ತಾರೆ! "ಅವ್ವನ ತಾ ಅಂದಾಳ್ರಿ" ಎಂದು ಇನ್ನೊಂದು ಸುಳ್ಳು ಹೇಳಿದೆ. ಅವರು ಅರೆಮನಸ್ಸಿನಿಂದ ಒಂದು ಸೀರೆ ಬಿಚ್ಚಿ ಗಾದಿಯ ಮೇಲೆ ಹರವಿದರು. ಅದೇ ಬಣ್ಣ, ಬೆಳ್ಳನೆಯ ಅಂಚೂ ಇತ್ತು. ಬೆಲೆಯನ್ನೂ ಕೇಳದೆ, ಕಟ್ಟಿರಿ ಎಂದೆ. ಕಟ್ಟಿ ಕೊಡುವಾಗ ಶೆಟ್ಟರು ಮತ್ತೆ ಗೊಣಗಿದರು. "ಇಷ್ಟು ವರ್ಷಕ್ಕೆ ಮೊದಲ ಸಲ ಮಣ್ಣು ಹಚ್ಚದೆ ಒಯ್ಯಾಕತ್ತೀರಿ, ನೋಡಿಕೊಳ್ಳಿರಮ್ಮಾ."

ಸೀರೆಯನ್ನು ಮನೆಗೆ ಒಯ್ಯಲು ಧೈರ್ಯ ಬರಲಿಲ್ಲ. ದೇಶನೂರಿನ ಸಾಲೆಯ ಬೀರುವಿನಲ್ಲಿ, ಹಾಜರಿ ಪುಸ್ತಕಗಳ ಕೆಳಗೆ ಬಚ್ಚಿಟ್ಟೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಹೆಡ್‌ಮಾಸ್ತರರು ಬೀರು ತೆಗೆಯಲು ಹೊರಟರೆ ಸಾಕು, ಹಾಜರಿ ಪುಸ್ತಕ ನಾನೇ ಕೊಡುತ್ತೇನೆಂದು ಓಡುತ್ತಿದ್ದೆ. ಆಗಸ್ಟ್ ಹದಿನೈದು ಬಂತು. ಮನೆಯಿಂದ ಸಿರುಗುಪ್ಪ ಬಣ್ಣ ಉಟ್ಟು ಹೊರಟವಳು, ಸಾಲೆಯ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಆಕಾಶ ಬಣ್ಣಕ್ಕೆ ಬದಲಾದೆ. ಬೇವಿನ ಮರದ ಹಿಂದೆ ನಿಂತ ಹುಡುಗಿ ನೆನಪಾಗಿ ಮೈಯೆಲ್ಲ ಉರಿಯಿತು, ಆದರೆ ಹೊರಗೆ ಬಂದಾಗ ಮಕ್ಕಳು ನನ್ನನ್ನು ನೋಡಿದ ರೀತಿಗೆ ಆ ಉರಿ ಆರಿಹೋಯಿತು. ಆರನೆಯ ಇಯತ್ತೆಯ ನಾನು ನಮ್ಮ ಟೀಚರನ್ನು ಹಾಗೆಯೇ ನೋಡಿದ್ದೆ.

ಪ್ರಭಾತಫೇರಿ ಹೊರಟಿತು. ನಾನು ಸಾಲಿನ ಮುಂದೆ. ನಾಟಿಯ ಕಾಲ, ಹಿಂದಿನ ದಿನ ಮಳೆ ಬೇರೆ. ಗದ್ದೆಯಿಂದ ಒಂದು ಟ್ರ್ಯಾಕ್ಟರು ಕಬ್ಬಿಣದ ಗಾಲಿಗಳ ತುಂಬ ಕೆಸರು ಹೊತ್ತುಕೊಂಡು ರಸ್ತೆಗೆ ಹತ್ತಿತು. ಓಡಿಸುವವನು ಮಕ್ಕಳ ಕೈಯಲ್ಲಿನ ಬಾವುಟಕ್ಕೆ ಮರ್ಯಾದೆ ಕೊಡಬೇಕೆಂದು ಜೋರಾಗಿ ಗಾಡಿ ಬಿಟ್ಟು ಪಕ್ಕಕ್ಕೆ ಸರಿದನೋ ಏನೋ, ಆ ಗಾಲಿಗಳು ಒಂದು ಸುತ್ತು ತಿರುಗಿದವು. ಸೊಂಟದಿಂದ ಕೆಳಗೆ ನನ್ನ ಸೀರೆ ಕಾಣಲಿಲ್ಲ. ಶೆಟ್ಟರ ಅಂಗಡಿಯಲ್ಲಿ ಬಾಕಿ ಉಳಿದಿದ್ದ ಮಣ್ಣನ್ನು ದೇಶನೂರು ಒಂದೇ ಸಲಕ್ಕೆ ಹಚ್ಚಿಬಿಟ್ಟಿತು.

ಒಬ್ಬ ಪುಟ್ಟ ಹುಡುಗಿ ಹತ್ತಿರ ಬಂದು ಬಗ್ಗಿ ನೋಡಿ, "ಟೀಚರ್, ನಿಮ್ಮ ಸೀರಿ ಮ್ಯಾಗ ನಮ್ಮ ಹೊಲ ಬಂದೈತ್ರಿ" ಎಂದಳು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಧ್ವಜದ ಮುಂದೆ ನಿಂತು ನಾನು ಅತ್ತೆ, ಊರವರು ಅದನ್ನು ದೇಶಭಕ್ತಿ ಎಂದುಕೊಂಡರು. ಆಮೇಲೆ ಹಳೆಯ ಸೀರೆಗೆ ಬದಲಾಗಿ, ಕೆಸರಿನ ಮುದ್ದೆಯನ್ನು ಚೀಲಕ್ಕೆ ತುರುಕಿ ಮನೆಗೆ ಬಂದೆ. ಮುಚ್ಚಿಡಲು ಇನ್ನು ಏನಿತ್ತು? ಆ ಕೆಸರನ್ನು ತೆಗೆಯುವ ವಿದ್ಯೆ ನನಗೆ ಬರುತ್ತಿರಲಿಲ್ಲ, ಬರುತ್ತಿದ್ದವಳು ಒಬ್ಬಳೇ. ಅಡುಗೆ ಕೋಣೆಯಲ್ಲಿ ಅವ್ವನ ಮುಂದೆ ಚೀಲ ಸುರಿದು, ಎಲ್ಲವನ್ನೂ ಹೇಳಿ, ಬೈಗುಳಕ್ಕೆ ಬೆನ್ನು ಕೊಟ್ಟು ಕುಳಿತೆ.

ಅವ್ವ ಸೀರೆಯನ್ನು ನೆಲದ ಮೇಲೆ ಬಿಚ್ಚಿ ಹರವಿದಳು. ಕೆಸರನ್ನು ಬೆರಳಿನಲ್ಲಿ ಹೊಸಕಿ ನೋಡಿದಳು. ಕೆಸರು ಹತ್ತದ ಸೆರಗಿನ ಭಾಗವನ್ನು ಬೆಳಕಿಗೆ ಹಿಡಿದು ನೋಡಿದಳು.

"ದೇಶನೂರು ಗದ್ದಿ ಮಣ್ಣೇನು?"

"ಹೂಂ."

"ನೀರು ಮುಟ್ಟಿಸಿಲ್ಲ ಹೌದಿಲ್ಲ?"

"ಇಲ್ಲ."

"ಚಲೋ ಆತು. ಹಸಿ ಎರಿಗೆ ನೀರು ಹಾಕಿದ್ರ ಒಳಗ ಇಳೀತೈತಿ. ಒಣಗಲಿ ಬಿಡು" ಎಂದು ಹೇಳಿ ಎದ್ದಳು. ಅಷ್ಟೇ. "ನಾ ಹೇಳಿರಲಿಲ್ಲೇನು" ಎಂಬ ಮಾತಿಗಾಗಿ ನಾನು ಕಾದೇ ಕಾದೆ. ಆಕೆ ಆಡಲಿಲ್ಲ. ಬೈದಿದ್ದರೆ ನನಗೂ ತಿರುಗಿ ಬಯ್ಯಲು ಹತ್ತು ವರ್ಷದ ಸರಕು ಇತ್ತು, ಅದೆಲ್ಲ ವ್ಯರ್ಥವಾಯಿತು.

ಮೂರು ದಿನ ಆಕೆ ಆ ಸೀರೆಯ ಹಿಂದೆ ಬಿದ್ದಳು. ಒಣಗಿದ ಮಣ್ಣನ್ನು ಉಗುರಿನಿಂದ ಉದುರಿಸಿದಳು, ಕೊಡವಿದಳು, ಅಂಟುವಾಳದ ನೀರಿನಲ್ಲಿ ನೆನೆಹಾಕಿ ಅಂಗೈಯಲ್ಲಿ ಮೆಲ್ಲಗೆ ಹಿಸುಕಿದಳು, ಕಲೆ ಉಳಿದಲ್ಲಿ ಲಿಂಬೆಹಣ್ಣು ತಿಕ್ಕಿದಳು. ನಮ್ಮ ಬಟ್ಟೆಗಳನ್ನು ಕಲ್ಲಿಗೆ ಅಪ್ಪಳಿಸುತ್ತಿದ್ದವಳು ಇದನ್ನು ಕಲ್ಲಿಗೆ ತೋರಿಸಲೂ ಇಲ್ಲ. ಬಿಸಿಲಿಗೆ ಬಣ್ಣ ಹೋದೀತೆಂದು ನಡುಮನೆಯಲ್ಲಿ ಹಗ್ಗ ಕಟ್ಟಿ ಹರವಿದಳು. ಅಂಚಿನ ಹತ್ತಿರ ಉದ್ದಿನ ಬೇಳೆಯಷ್ಟು ಒಂದು ಕಲೆ ಉಳಿಯಿತು, ಉಳಿದದ್ದೆಲ್ಲ ಹೋಯಿತು.

ನಾಲ್ಕನೆಯ ದಿನ ಸಾಲೆ ಅರ್ಧ ದಿನಕ್ಕೇ ಬಿಟ್ಟಿತು. ಮಧ್ಯಾಹ್ನ ಮನೆಗೆ ಬಂದರೆ ಮುಂಬಾಗಿಲಿಗೆ ಅಗುಳಿ. ಹಗಲು ಹೊತ್ತು ನಮ್ಮ ಮನೆಯ ಬಾಗಿಲು ಹಾಕಿದ್ದನ್ನು ನಾನು ಕಂಡವಳೇ ಅಲ್ಲ. ಗಾಬರಿಯಾಗಿ ಹಿತ್ತಿಲಿನಿಂದ ಒಳಗೆ ಬಂದೆ. ನಡುಮನೆಯಲ್ಲಿ, ಅಪ್ಪ ಗಡ್ಡ ಕೆರೆದುಕೊಳ್ಳುವ ಅಂಗೈಯಗಲದ ಕನ್ನಡಿಯ ಮುಂದೆ ಅವ್ವ ನಿಂತಿದ್ದಳು. ಆಕಾಶ ಬಣ್ಣದ ಸೀರೆ ಉಟ್ಟಿದ್ದಳು. ಕನ್ನಡಿ ಸಣ್ಣದು, ಆಕೆಗೆ ಒಮ್ಮೆಗೆ ಒಂದು ಹೆಗಲು ಮಾತ್ರ ಕಾಣುತ್ತಿತ್ತು. ಒಂದು ಹೆಗಲು ನೋಡುವುದು, ತಿರುಗುವುದು, ಇನ್ನೊಂದು ಹೆಗಲು ನೋಡುವುದು. ಆಕೆ ಇಷ್ಟು ಬೆಳ್ಳಗಿದ್ದಾಳೆ ಎಂಬುದು ನನಗೆ ಅವತ್ತಿನತನಕ ಗೊತ್ತಿರಲಿಲ್ಲ.

ನನ್ನನ್ನು ಕಂಡದ್ದೇ ಕಳ್ಳತನದಲ್ಲಿ ಸಿಕ್ಕಿದವಳ ಹಾಗೆ ಸೆರಗು ಮುದುಡಿಕೊಂಡಳು. "ಏನಿಲ್ಲ... ಒಣಗೇತೇನು ಅಂತ ನೋಡಾಕ ಉಟಗಂಡಿದ್ದೆ" ಎಂದಳು.

ಒಣಗಿದೆಯೋ ಇಲ್ಲವೋ ನೋಡಲು ಸೀರೆಯನ್ನು ಉಟ್ಟು ನೋಡುವವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನನಗೆ ನಗು ಬರಬೇಕಿತ್ತು. ಬಂದದ್ದು ಸಂಕಟ. ನನಗೆ ಆಕಾಶ ಬಣ್ಣ ತಪ್ಪಿಸಿದವಳು ಅವ್ವ, ಅವ್ವನಿಗೆ ತಪ್ಪಿಸಿದವರು ಯಾರು ಎಂದು ನಾನು ಒಂದು ದಿನವಾದರೂ ಕೇಳಿರಲಿಲ್ಲ. ಒಗೆಯುವವಳು ಆಕೆ. ನಾಲ್ಕು ಜನರ ಮೈಮೇಲಿನ ಮೂರು ಊರಿನ ಮಣ್ಣು ವರ್ಷವೆಲ್ಲ ಆಕೆಯ ಕೈಯಲ್ಲೇ ಇಳಿಯುತ್ತಿತ್ತು. ಆ ಕೈ ಸೋತು ಹುಡುಕಿದ ಉಪಾಯವನ್ನು ನಾನು ಹಟ ಎಂದು ತಿಳಿದಿದ್ದೆ.

"ಅವ್ವ, ನಾಳಿ ಐತವಾರ. ಬಳ್ಳಾರಿಗೆ ಹೋಗಿ ಇದರಾಗ ನಿಂದೊಂದು ಫೋಟೋ ತಗಿಸೋಣು" ಎಂದೆ.

"ಇದನ್ನ ಉಟಗಂಡು ಬಳ್ಳಾರಿಗೆ? ಬಸ್ಸಿನಾಗ? ನಿನಗ ತಲಿ ಗಿಲಿ ಕೆಟ್ಟೈತೇನು?"

ಆದರೆ ಬರುವುದಿಲ್ಲ ಅನ್ನಲಿಲ್ಲ. ಮರುದಿನ ಬೂದಿ ಸೀರೆ ಉಟ್ಟು, ಆಕಾಶ ಬಣ್ಣದ್ದನ್ನು ಮಡಿಚಿ ಚೀಲದಲ್ಲಿಟ್ಟು ಹೊರಟಳು. ಸ್ಟುಡಿಯೋದ ಒಳಗಿನ ಕತ್ತಲೆ ಕೋಣೆಯಲ್ಲಿ ಬದಲಾಯಿಸಿದಳು, ನಾನು ಸೆರಗು ಅಡ್ಡ ಹಿಡಿದೆ. ಅಂಚಿನ ಕಲೆ ಕಾಣದಂತೆ ನೆರಿಗೆಯೊಳಗೆ ಸೇರಿಸಿ, ಕುರ್ಚಿಯ ತುದಿಯಲ್ಲಿ ಕುಳಿತು, ಮೈಯೆಲ್ಲ ಬಿಗಿ ಮಾಡಿಕೊಂಡಳು. ಫೋಟೋದವರು "ಸ್ವಲ್ಪ ನಗರಿ ಅಮ್ಮಾ" ಎಂದರು. ಆಕೆ ನಗಲಿಲ್ಲ, ಸೀರೆಯನ್ನು ಒಮ್ಮೆ ನೋಡಿಕೊಂಡಳು. ಆಗ ಮುಖದಲ್ಲಿ ಏನೋ ಬಂತು, ಅದೇ ಹೊತ್ತಿಗೆ ಅವರು ಗುಂಡಿ ಒತ್ತಿದರು.

ವಾರ ಬಿಟ್ಟು ಫೋಟೋ ತಂದು ಆಕೆಯ ಕೈಗೆ ಕೊಟ್ಟೆ. ನಮಗೆ ಇಬ್ಬರಿಗೂ ಹೊಳೆಯದೇ ಇದ್ದ ಒಂದು ಸಂಗತಿ ಆಗ ಕಣ್ಣಿಗೆ ಬಿತ್ತು. ಆಗಿನ ಫೋಟೋ ಕಪ್ಪು ಬಿಳುಪಿನದು. ಹತ್ತು ವರ್ಷ ಅತ್ತು, ಎರಡು ಸುಳ್ಳು ಹೇಳಿ, ಒಂದು ಊರಿನ ಕೆಸರು ಹೊತ್ತು ತಂದ ಆಕಾಶ ಬಣ್ಣ ಅದರಲ್ಲಿ ತೊಳೆದಿಟ್ಟಂಥ ಬೂದಿ ಬಣ್ಣವಾಗಿ ಬಂದಿತ್ತು. ಅವ್ವ ಹತ್ತಿರ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು.

"ನೋಡಿದೇನು?" ಎಂದಳು. "ಬಳ್ಳಾರಿಯಾಗ ತಗಿಸಿದ್ದಕ್ಕ ಬಳ್ಳಾರಿ ಬಣ್ಣನ ಬಂತು."

ಅಂದು ಆಕೆ ನಕ್ಕದ್ದು ಕೇಳಿ ಅಪ್ಪ ಹೊರಗಿನಿಂದ ಎದ್ದು ಬಂದರು.

ಆ ಫೋಟೋ ಈಗ ನಮ್ಮ ಪಡಸಾಲೆಯ ಗೋಡೆಯ ಮೇಲಿದೆ. ಅವ್ವ ಇಲ್ಲ. ಬಂದವರೆಲ್ಲ ಅದನ್ನು ನೋಡಿ, "ಕಡೀತನಕ ತನ್ನ ಬಣ್ಣ ಬಿಡಲಿಲ್ಲ ನೋಡ್ರಿ ಪುಣ್ಯಾತ್ಗಿತ್ತಿ" ಅನ್ನುತ್ತಾರೆ. ನಾನು ಪ್ರತಿಯೊಬ್ಬರಿಗೂ, ಅಲ್ಲರೀ, ಅದು ಬೂದಿಯಲ್ಲ, ಆಕಾಶ ಬಣ್ಣ, ಎಂದು ಹೇಳಿ ಹೇಳಿ ಬಾಯಿ ಒಣಗಿಸಿಕೊಂಡಿದ್ದೇನೆ. ಒಬ್ಬರೂ ನಂಬುವುದಿಲ್ಲ. ಇಟ್ಟಂಗಿ ಬಸ್ಯಾನೂ ನಂಬುವುದಿಲ್ಲ. "ಅವ್ವ ಉಟ್ಟಿದ್ದು ಆಕಾಶ ಬಣ್ಣಾ? ಬಿಡಕ್ಕ, ನಿನ್ನ ಚಾಷ್ಟಿ ಹೋಗಲಿಲ್ಲ" ಎಂದು ನಗುತ್ತಾನೆ. ಸೀರೆ ತೆಗೆದು ತೋರಿಸಿದರೆ, "ಇದು ನಿಂದಲ್ಲೇನು?" ಅನ್ನುತ್ತಾನೆ.

ಹಾಗೆ ನೋಡಿದರೆ ಅದು ನನ್ನದೇ. ಆದರೆ ನಾನು ಅದನ್ನು ಮತ್ತೆ ಉಡಲಿಲ್ಲ. ಪ್ರತಿ ವರ್ಷ ಮಳೆಗಾಲ ಕಳೆದ ಮೇಲೆ ಅವ್ವ ಅದನ್ನು ಟ್ರಂಕಿನಿಂದ ತೆಗೆಯುತ್ತಿದ್ದಳು. "ತಂಪು ಹಿಡದೈತಿ, ಒಣಗಸ್ತೀನಿ" ಎನ್ನುತ್ತಿದ್ದಳು. ಆಮೇಲೆ ಅರ್ಧ ಗಂಟೆ ನಡುಮನೆಯ ಬಾಗಿಲು ಹಾಕಿರುತ್ತಿತ್ತು. ನಾನು ಬಡಿಯುತ್ತಿರಲಿಲ್ಲ. ಆಕೆ ಹೋಗುವತನಕ, ಹನ್ನೆರಡು ವರ್ಷ, ಆ ಸೀರೆ ಒಣಗುತ್ತಲೇ ಇತ್ತು.

ಬೀರುವಿನ ಮಿಕ್ಕ ಬಟ್ಟೆಗಳ ವಿಷಯದಲ್ಲಿ ಸೊಸೆ ಹೇಳಿದ್ದು ನಿಜ. ಕಪ್ಪು, ಇಟ್ಟಂಗಿ, ಬೂದಿ. ಯಾರೂ ಒತ್ತಾಯ ಮಾಡದಿದ್ದರೂ ನನ್ನ ಕೈ ಅಂಗಡಿಯಲ್ಲಿ ಆ ಮೂರರ ಮೇಲೇ ಹೋಗುತ್ತದೆ. ಎಷ್ಟು ಬೈದುಕೊಂಡರೂ ಹೋಗುತ್ತದೆ. ಪಾಠ ಮುಗಿಸಿ ಸೊಸೆ ಅಡುಗೆ ಮನೆಗೆ ಹೋದಳು. ನಾನು ಬೀರುವಿನ ತಳಕ್ಕೆ ಕೈ ಹಾಕಿ ಆಕಾಶ ಬಣ್ಣದ್ದನ್ನು ಎಳೆದೆ. ಉದ್ದಿನ ಬೇಳೆಯಷ್ಟು ದೇಶನೂರು ಇನ್ನೂ ಅಂಚಿನಲ್ಲಿ ಇದ್ದ ಹಾಗೇ ಇತ್ತು. ಎದ್ದು ಬಾಗಿಲಿಗೆ ಅಗುಳಿ ಹಾಕಿದೆ.

ಸ್ವಲ್ಪ ಹೊತ್ತಿಗೆ ಸೊಸೆ ಬಾಗಿಲು ಬಡಿದಳು. "ಅತ್ತಿ? ಏನ್ ಮಾಡಾಕತ್ತೀರಿ ಒಳಗ? ಆರಾಮ ಅದೀರಿಲ್ಲ?"

"ಏನಿಲ್ಲವ್ವ, ತಡಿ" ಎಂದೆ. "ಸೀರಿ ಒಣಗೇತೇನು ನೋಡಾಕತ್ತೀನಿ."